ತಾಮ್ರದ ಸೀಟೂ ನಮ್ಮ ಭಾವನೂ

ನಮ್ಮ ಭಾವನ ಬಗ್ಗೆ ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಅವರಿಗೆ ಒಂದು ವಿಷಯ ಅರ್ಥವಾಗಲಿಲ್ಲ ಅಂದರೆ, ಅದು ಇಡೀ ಊರಿಗೇ ಅರ್ಥವಾಗದ ಹಾಗೆ ಮಾಡುವ ತನಕ ಅವರಿಗೆ ಸಮಾಧಾನವಿಲ್ಲ!

ನಗಬೇಡಿ. ನಿಮ್ಮ ಮನೆಯಲ್ಲೂ ಇಂಥವರು ಒಬ್ಬರು ಇದ್ದೇ ಇರುತ್ತಾರೆ. ಆದರೆ ನಿಮ್ಮವರು ಅರ್ಥವಾಗದ್ದಕ್ಕೆಲ್ಲ ಹೂಂ ಹೂಂ ಅಂತ ತಲೆಯಾಡಿಸಿ ಎದ್ದು ಹೋಗುವ ಮರ್ಯಾದಸ್ಥರು. ನಮ್ಮ ಭಾವ ಹಾಗಲ್ಲ. ಕೇಳುತ್ತಾರೆ. ಮತ್ತೆ ಕೇಳುತ್ತಾರೆ. ಹೇಳಿದವನಿಗೇ ತಾನು ಏನು ಹೇಳಿದೆ ಅಂತ ಅನುಮಾನ ಬರುವ ಹಾಗೆ ಕೇಳುತ್ತಾರೆ.

ಭೇರ್ಯದ ಹತ್ತಿರ ಅವರ ಊರು. ಅಲ್ಲಿಗೆ ಮೊದಲನೇ ಸಲ ಡ್ರೋನ್ ತರಿಸಿ ಭತ್ತಕ್ಕೆ ಔಷಧಿ ಹೊಡೆಸಿದಾಗ ಊರಿಗೆ ಊರೇ ಬಾಯಿ ಬಿಟ್ಟುಕೊಂಡು ನೋಡುತ್ತಿತ್ತು. ನಮ್ಮ ಭಾವ ಮಾತ್ರ, "ಅಲ್ಲ ಕಣ್ರಪ್ಪ, ಮೇಲ್ಗಡೆಯಿಂದ ನೋಡೋ ಇದ್ಕೆ ಯಾರ್ ಬದು ಎಲ್ಲಿಗ್ ಮುಗೀತದೆ ಅಂತ ಎಂಗ್ ಗೊತ್ತಾಯ್ತದೆ?" ಅಂದರು. ಅಷ್ಟೇ ಅಂದಿದ್ದು! ಸಂಜೆ ಹೊತ್ತಿಗೆ, ಅಲ್ಲಿಯವರೆಗೆ ಬದುವಿನ ಯೋಚನೆಯನ್ನೇ ಮಾಡದಿದ್ದ ಅಣ್ಣತಮ್ಮಂದಿರಿಬ್ಬರು ಹಗ್ಗ ಹಿಡಿದು ಗದ್ದೆ ಅಳೆಯುತ್ತಿದ್ದರು.

ಇವರು ನನ್ನ ಅಕ್ಕನ ಗಂಡ. ಅದಕ್ಕೂ ಮೊದಲು ನಮ್ಮ ಸೋದರತ್ತೆಯ ಮಗ. ಹಾಗಾಗಿ ಇವರನ್ನು ಬೈಯುವ ಹಕ್ಕು ನನಗೆ ಎರಡು ಕಡೆಯಿಂದಲೂ ಬಂದಿದೆ. ಅವರ ನಾದಿನಿಯಾದ ನಾನಿರುವುದು ಹುಣಸೂರಿನಲ್ಲಿ. ಯಾವ ಕೆಲಸಕ್ಕೆ ಹುಣಸೂರಿಗೆ ಬಂದರೂ ಭಾವನ ಚಪ್ಪಲಿ ಮೊದಲು ಕಾಣಿಸುವುದು ನನ್ನ ಮನೆ ಬಾಗಿಲಲ್ಲಿ.

ಅಕ್ಕ-ಭಾವನಿಗೆ ಒಬ್ಬಳೇ ಮಗಳು. ಮೈಸೂರಿನಲ್ಲಿ ನರ್ಸಿಂಗ್ ಓದುತ್ತಿದ್ದಳು. ಚೂಟಿ ಹುಡುಗಿ. ಊರಲ್ಲಿ ಯಾರಿಗೆ ಜ್ವರ ಬಂದರೂ ರಜೆಗೆ ಬಂದವಳು ಕಂಕುಳಲ್ಲಿ ಥರ್ಮಾಮೀಟರ್ ಇಟ್ಟು ನೋಡಿ ಬರುವಳು. ಅಂಥವಳ ಕೈ ನಡುಗಲು ಶುರುವಾಯಿತು. ಮೊದಮೊದಲು ಲೋಟದ ಕಾಫಿ ತಟ್ಟೆಗೆ ತುಳುಕುತ್ತಿತ್ತು. ಆಮೇಲೆ ಸಿರಿಂಜು ಹಿಡಿದರೆ ಸೂಜಿಯ ತುದಿ ಜೀರುಂಡೆ ಕಾಲಿನ ಹಾಗೆ ಅದುರತೊಡಗಿತು. ಯಾವ ರೋಗಿ ತಾನೇ ಅಂಥ ಕೈಗೆ ತನ್ನ ತೋಳು ಕೊಡುತ್ತಾನೆ, ಹೇಳಿ?

ಊರು ಸುಮ್ಮನಿರುತ್ತದೆಯೇ! ಭಯ ಅಂದರು. ದೃಷ್ಟಿ ಅಂದರು. ಹಾಸ್ಟೆಲ್ಲಿನ ಊಟ ಅಂದರು. ಎಚ್.ಡಿ. ಕೋಟೆ ಕಡೆಯ ನೆಂಟರೊಬ್ಬರು, "ನರ ವೀಕಾಗವೆ. ದಿನಾ ಬೆಳಿಗ್ಗೆ ತಾಮ್ರದ ಚೊಂಬಲ್ಲಿ ನೀರು ಕುಡಿಸ್ರಿ, ಕಬ್ಣ ಆಯ್ತವೆ" ಅಂದರು. ಎಲ್ಲದಕ್ಕೂ ನೂರು ಪ್ರಶ್ನೆ ಕೇಳುವ ನಮ್ಮ ಭಾವ ಇದಕ್ಕೆ ಮಾತ್ರ ಒಂದೂ ಪ್ರಶ್ನೆ ಕೇಳಲಿಲ್ಲ. ಅಟ್ಟದ ಮೇಲಿದ್ದ ತಾಮ್ರದ ಚೊಂಬನ್ನು ಇಳಿಸಿ, ಹುಣಸೆಹಣ್ಣು ಹಾಕಿ ಫಳಫಳ ಅನ್ನುವ ಹಾಗೆ ತಾವೇ ಉಜ್ಜಿ, ರಜೆಗೆ ಬಂದ ಮಗಳಿಗೆ ಬೆಳಿಗ್ಗೆ ಬೆಳಿಗ್ಗೆ ನೀರು ಕುಡಿಸಿದ್ದೇ ಕುಡಿಸಿದ್ದು. ಹಾಸ್ಟೆಲ್ಲಿಗೂ ಒಂದು ಕೊಟ್ಟು ಕಳಿಸಿದರು.

ಕೊನೆಗೆ ಅವಳ ಕಾಲೇಜಿನ ಮೇಡಂ ಒಬ್ಬರಿಗೆ ಅನುಮಾನ ಬಂದು ಮೈಸೂರಿನ ದೊಡ್ಡ ಡಾಕ್ಟರ ಹತ್ತಿರ ಹೋಗಿ ಅಂದರು. ನಾನೂ ಜೊತೆಗೆ ಹೋದೆ. ಡಾಕ್ಟರ ಹತ್ತಿರ ಭಾವ ಒಬ್ಬರನ್ನೇ ಬಿಟ್ಟರೆ ಹೊರಗೆ ಬರುವಾಗ ಡಾಕ್ಟರಿಗೇ ಔಷಧಿ ಬೇಕಾಗಿರುತ್ತದೆ.

ಡಾಕ್ಟರಮ್ಮ ರಕ್ತ ನೋಡಿಸಿದರು, ಮೂತ್ರ ನೋಡಿಸಿದರು, ಕಣ್ಣಿಗೆ ಲೈಟು ಬಿಟ್ಟು ನೋಡಿಸಿದರು. ಕಣ್ಣಿನ ಕಪ್ಪಿನ ಅಂಚಿಗೆ ಸುತ್ತಲೂ ಕಂದುಬಣ್ಣದ ಒಂದು ತೆಳು ಬಳೆ ಇತ್ತಂತೆ. ನಾವು ಅವಳು ಹುಟ್ಟಿದಾಗಿನಿಂದ ಆ ಕಣ್ಣು ನೋಡುತ್ತಿದ್ದೇವೆ, ನಮಗೆ ಕಾಣಲೇ ಇಲ್ಲ!

"ತಾಮ್ರ," ಅಂದರು ಡಾಕ್ಟರು. "ಮೈಯಲ್ಲಿ ತಾಮ್ರ ಸೇರ್ಕೊಂಡಿದೆ. ಲಿವರಲ್ಲಿ, ಮಿದುಳಲ್ಲಿ. ಅದಕ್ಕೇ ಕೈ ನಡುಗ್ತಿರೋದು."

ಭಾವನ ಮುಖ ನೋಡಬೇಕಿತ್ತು.

"ನಾವು ತಿನ್ನೋ ಊಟದಲ್ಲೆಲ್ಲ ಚೂರು ತಾಮ್ರ ಇರುತ್ತೆ," ಡಾಕ್ಟರು ನಿಧಾನವಾಗಿ ಹೇಳಿದರು. "ದೇಹಕ್ಕೆ ಅದು ಬೇಕು ಕೂಡ. ಆದರೆ ಅದನ್ನ ಒಂಟಿಯಾಗಿ ಓಡಾಡೋಕೆ ಬಿಟ್ಟರೆ ಹಾಳು ಮಾಡುತ್ತೆ. ಹಾಗಾಗಿ ಅದನ್ನ ಹೊತ್ಕೊಂಡು ಹೋಗೋಕೆ ಅಂತಲೇ ಪ್ರೋಟೀನ್‌ಗಳಿವೆ. ಒಂದು ಹಿಡ್ಕೊಂಡು ಹೋಗಿ ಇನ್ನೊಂದರ ಕೈಗೆ ಕೊಡುತ್ತೆ. ಹೆಚ್ಚಾಗಿದ್ದನ್ನ ಲಿವರಿಂದ ಹೊರಗೆ ತಳ್ಳೋಕೂ ಒಂದಿದೆ. ನಿಮ್ಮ ಮಗಳಿಗೆ ಆ ಕೊನೇದು ಸರಿಯಾಗಿ ಕೆಲಸ ಮಾಡ್ತಿಲ್ಲ."

"ಪ್ರೋಟೀನು ಅಂದ್ರೆ ಬೇಳೆಕಾಳು ಅಲ್ವ್ರಾ?" ಭಾವ ಶುರು ಮಾಡಿದರು.

"ಬೇಳೆಕಾಳಲ್ಲೂ ಇರುತ್ತೆ."

"ಅಂಗಾದ್ರೆ ಅವರೆಕಾಳು ತಾಮ್ರ ಹೊತ್ಕ ಹೋಯ್ತದಾ?"

"ಇಲ್ಲ, ಇದು ನಮ್ಮ ದೇಹವೇ ಮಾಡ್ಕೊಳ್ಳೋ ಪ್ರೋಟೀನು."

"ಅವರೆಕಾಳಿಂದ?"

ಡಾಕ್ಟರು ನನ್ನ ಮುಖ ನೋಡಿದರು. ನಾನು ಗೋಡೆಯ ಮೇಲಿನ ಲಿವರಿನ ಚಿತ್ರ ನೋಡಿದೆ.

"ಸೇರಿರೋದನ್ನ ತೆಗೆಯೋಕೆ ಒಂದು ಮಾತ್ರೆ ಕೊಡ್ತೀನಿ. ಹೊಸದು ಸೇರದೇ ಇರೋಕೆ ಜಿಂಕ್ ಮಾತ್ರೆ," ಅಂದರು ಡಾಕ್ಟರು.

ಭಾವನ ಕಣ್ಣು ಅರಳಿತು. "ಜಿಂಕಾ? ಭತ್ತದ ಗದ್ದೆಗೆ ಹಾಕ್ತೀವಲ್ಲ, ಅದೇ ಜಿಂಕಾ? ಅಯ್ಯೋ, ಮನೇಲಿ ಮೂಟೆನೇ ಬಿದ್ದದಲ್ಲ ಡಾಕ್ಟ್ರೇ!"

ಡಾಕ್ಟರಮ್ಮ ಪೆನ್ನು ಕೆಳಗಿಟ್ಟರು. "ಯಜಮಾನ್ರೇ, ಅದು ಗದ್ದೆಗೆ. ಇದು ಮಗಳಿಗೆ. ಕೈ ಮುಗೀತೀನಿ, ಎರಡನ್ನೂ ಅದಲು ಬದಲು ಮಾಡಬೇಡಿ."

ಆಮೇಲೆ ಇನ್ನೊಂದು ಕೇಳಿದರು. "ನಿಮ್ಮದು ಸಂಬಂಧದಲ್ಲೇ ಮದುವೆನಾ?"

"ಹೂಂ. ಸೋದರಮಾವನ ಮಗಳು."

"ಈ ಕಾಯಿಲೆ ಬರಬೇಕಾದ್ರೆ ತಂದೆ ಕಡೆಯಿಂದ ಒಂದು, ತಾಯಿ ಕಡೆಯಿಂದ ಒಂದು, ಎರಡೂ ಕೆಟ್ಟಿರೋ ಜೀನು ಬಂದಿರಬೇಕು. ಇದು ಯಾರ ತಪ್ಪೂ ಅಲ್ಲ. ನಿಮಗಿಬ್ಬರಿಗೂ ಒಂದೊಂದು ಒಳ್ಳೇದೂ ಇದೆ, ಅದಕ್ಕೇ ನೀವು ಚೆನ್ನಾಗಿದೀರಿ."

ಭಾವ ಪ್ರಶ್ನೆ ಕೇಳಲಿಲ್ಲ. ಮಗಳೇ ಕೇಳಿದಳು. "ಮೇಡಂ, ನನ್ನ ಕೈ ಮೊದಲಿನಂಗೆ ಆಗುತ್ತಾ? ನಾನು ಮತ್ತೆ ಇಂಜೆಕ್ಷನ್ ಕೊಡಬಹುದಾ?"

"ಮಾತ್ರೆ ಬಿಡದೇ ತಗೋ. ತಿಂಗಳುಗಟ್ಟಲೆ ಹಿಡಿಯುತ್ತೆ. ಎಷ್ಟು ವಾಪಸ್ ಬರುತ್ತೆ ಅಂತ ಈಗಲೇ ಹೇಳೋಕಾಗಲ್ಲ ಪುಟ್ಟ."

ಕಾಲೇಜಿನವರು, ಕೈ ಸರಿಯಾಗಲಿ, ಮುಂದಿನ ವರ್ಷದವರ ಜೊತೆ ಬಂದು ಕೂರಲಿ ಅಂದರು. ಸರಿಯಾಗದಿದ್ದರೆ? ಅದನ್ನು ಯಾರೂ ಹೇಳಲಿಲ್ಲ.

ಆವತ್ತು ಚೊಂಬಿನ ವಿಷಯವನ್ನು ಭಾವ ಡಾಕ್ಟರ ಬಾಗಿಲವರೆಗೆ ಬಂದು, ತಿರುಗಿ ಹೋಗಿ ಕೇಳಿದರು. "ಡಾಕ್ಟ್ರೇ, ನಾನು ದಿನಾ ತಾಮ್ರದ ಚೊಂಬಲ್ಲಿ ನೀರ್ ಕುಡಿಸ್ಬುಟ್ಟಿವ್ನಿ." ಡಾಕ್ಟರು, "ಚೊಂಬಿಂದ ಈ ಕಾಯಿಲೆ ಬರೋದಿಲ್ಲ. ಇನ್ಮೇಲೆ ಕುಡಿಸಬೇಡಿ, ಅಷ್ಟೇ," ಅಂದರು. ಅಷ್ಟೇ ಅಂದಿದ್ದು. ಆದರೆ ನಮ್ಮ ಭಾವನ ಹತ್ತಿರ ಯಾರೂ ಯಾವುದನ್ನೂ ಅಷ್ಟಕ್ಕೇ ನಿಲ್ಲಿಸಲಾಗದು!

ಊರಿಗೆ ಹೋದವರೇ ಮನೆಯಲ್ಲಿದ್ದ ತಾಮ್ರವನ್ನೆಲ್ಲ ಹುಡುಕಿ ಹುಡುಕಿ ಹೊರಗೆ ಹಾಕಿದರು. ಬಚ್ಚಲಿನ ಹಂಡೆ ಕಿತ್ತರು. ನಮ್ಮಜ್ಜಿ ಕಾಲದ ಬಿಂದಿಗೆ ಬಂತು. ದೇವರ ಮನೆಯ ತಂಬಿಗೆ, ಉದ್ಧರಣೆ ಕೂಡ ಬಂದವು. ಅಕ್ಕ ಸೊಂಟಕ್ಕೆ ಸೆರಗು ಸಿಕ್ಕಿಸಿಕೊಂಡು ನಿಂತಳು.

"ಅಲ್ಲ ಕಣ್ರೀ, ಹಂಡೇಲಿ ಸ್ನಾನ ಮಾಡದು. ಕುಡೀತಾಳಾ?"

"ಬಾಯಿಗೆ ನೀರ್ ಹೋಗಕಿಲ್ವಾ ಮೀಯುವಾಗ?"

"ದೇವರ ತಂಬಿಗೆ ಏನ್ ಮಾಡ್ತು ನಿಮ್ಗೆ?"

"ತೀರ್ಥ ಕುಡಿಯಕಿಲ್ವಾ? ಸುಮ್ಕಿರು!"

ಇಷ್ಟು ಸಾಮಾನನ್ನು ಎಲ್ಲಿ ಇಡುವುದು? ಇನ್ನೆಲ್ಲಿ, ನಾದಿನಿ ಮನೆಯಲ್ಲಿ! ಎಲ್ಲವನ್ನೂ ಗೋಣಿಚೀಲಕ್ಕೆ ತುಂಬಿ ಕೆ.ಆರ್. ನಗರದಲ್ಲಿ ಹುಣಸೂರು ಬಸ್ಸು ಹತ್ತಿದರು. ಕಂಡಕ್ಟರು, "ಏನ್ ಯಜಮಾನ್ರೇ, ಮದ್ವೆ ಸಾಮಾನಾ?" ಅಂತ ಕೇಳಿದನಂತೆ. ಇವರು ಗಂಭೀರವಾಗಿ, "ಇಲ್ಲ ಕಣಪ್ಪ, ವಿಷ" ಅಂದರಂತೆ. ಬಸ್ಸಿನ ಹಿಂಭಾಗ ಪೂರ್ತಿ ಇವರೊಬ್ಬರಿಗೇ ಸಿಕ್ಕಿತು!

ನಮ್ಮ ನಡುಮನೆ ತಾಮ್ರದಿಂದ ತುಂಬಿತು. ಎಲ್ಲ ಇಳಿಸಿ ಮುಗಿದ ಮೇಲೆ ಭಾವ ಚೀಲದ ತಳದಿಂದ ಒಂದು ಹಿತ್ತಾಳೆ ಚೊಂಬು ತೆಗೆದರು. ತೆಗೆದವರು ಅದನ್ನು ಹಿಡಿದುಕೊಂಡೇ ನಿಂತರು.

"ಅಮ್ಮಣ್ಣಿ, ಒಂದ್ ಅನುಮಾನ."

ನಾನು ಬಿಂದಿಗೆಯ ಪಕ್ಕದಲ್ಲೇ ಕೂತುಬಿಟ್ಟೆ.

"ಹಿತ್ತಾಳೆ ಅಂದ್ರೆ ತಾಮ್ರಕ್ಕೆ ಸತು ಬೆರೆಸಿದ್ದಂತೆ. ಸತು ಅಂದ್ರೆ ಜಿಂಕಂತೆ. ಅಂದ್ಮೇಲೆ ರೋಗಾನೂ ಇದ್ರಲ್ಲೇ ಅದೆ, ಮಾತ್ರೆನೂ ಇದ್ರಲ್ಲೇ ಅದೆ! ಇದನ್ನ ಮನೇಲಿ ಮಡಗದಾ, ಆಚ್ಗೆ ಹಾಕದಾ?"

ನಾನು ಬಿ.ಎ. ಓದಿದವಳು. ನನ್ನ ಬಿ.ಎ.ಯಲ್ಲಿ ಇದು ಬಂದಿರಲಿಲ್ಲ. "ಭಾವ, ನೀವು ಹೆಂಗಂತೀರೋ ಹಂಗೆ" ಅಂದೆ. ಅವರು ಒಳಗೆ ಬಂದರು, ಹೊರಗೆ ಹೋದರು, ಮತ್ತೆ ಒಳಗೆ ಬಂದರು. ಕೊನೆಗೆ ಅದನ್ನು ನಮ್ಮ ಕಾಂಪೌಂಡ್ ಗೋಡೆಯ ಮೇಲೆ ಇಟ್ಟು ಹೊರಟುಹೋದರು. ಒಳಗೂ ಅಲ್ಲ, ಹೊರಗೂ ಅಲ್ಲ!

ಹದಿನೈದು ದಿನ ಸುಮ್ಮನಿದ್ದರು. ಆಮೇಲೆ ಒಂದು ಬೆಳಿಗ್ಗೆ ಮತ್ತೆ ಪ್ರತ್ಯಕ್ಷ. "ಅಮ್ಮಣ್ಣಿ, ಮೋಟ್ರು ಅಂಗಡಿಗೆ ಹೋಗನ, ಬಾ" ಅಂದರು. ಮೋಟರ್ ಸುಟ್ಟಿದೆಯೇನೋ ಅಂದುಕೊಂಡು ಹೋದೆ. ಹುಣಸೂರಿನಲ್ಲಿ ಪಂಪ್‌ಸೆಟ್ಟಿನ ಮೋಟರುಗಳಿಗೆ ಹೊಸ ತಂತಿ ಸುತ್ತಿಕೊಡುವ ಅಂಗಡಿ. ಅಂಗಡಿಯವನು ಕೈಯೆಲ್ಲ ಗ್ರೀಸು ಮಾಡಿಕೊಂಡು ಕೂತಿದ್ದ.

"ತಾಮ್ರ ಇಲ್ದಿರೋ ಮೋಟ್ರು ಐತೇನಪ್ಪ?"

"ಏನಂದ್ರಿ?"

"ನಮ್ಮ ಬೋರಿನ ಮೋಟ್ರಲ್ಲಿ ತಾಮ್ರದ ತಂತಿ ಅದೆಯಂತಲ್ಲ. ಅದನ್ನ ಕಿತ್ತಾಕಿ ಅಲ್ಯೂಮಿನಿಯಂ ಸುತ್ಕೊಡು."

ಅಂಗಡಿಯವನು ಇವರನ್ನು ಬಿಟ್ಟು ನನ್ನ ಕಡೆ ತಿರುಗಿದ. "ಅಕ್ಕ, ಇವ್ರು ಹುಷಾರಾಗವ್ರಾ? ಅಂಗಡಿ ಮಡಗಿದಾಗಿಂದ, ತಾಮ್ರ ಅಂತೇಳಿ ಅಲ್ಯೂಮಿನಿಯಂ ಹಾಕ್ಬುಟ್ಟೆ ಕಣೋ ಕಳ್ಳ ಅಂತ ಜಗಳಕ್ ಬಂದೋರ್ನ ನೋಡಿವ್ನಿ. ಅಲ್ಯೂಮಿನಿಯಮ್ಮೇ ಹಾಕಪ್ಪ ಅಂತ ಬಂದೋರು ಇವ್ರೇ ಫಸ್ಟು!"

"ನೀರು ಮೋಟ್ರು ಒಳಗಿಂದ್ಲೇ ಬತ್ತದಲ್ಲಪ್ಪ. ತಾಮ್ರ ಬೆರ್ತ್ಕಳಕಿಲ್ವಾ?"

"ತಂತಿ ಮೇಲೆ ಕೋಟಿಂಗ್ ಇರ್ತದೆ ಯಜಮಾನ್ರೇ. ನೀರ್ಗೆ ತಾಮ್ರ ಸೋಕಕಿಲ್ಲ."

"ಕೋಟಿಂಗ್ ಸುಟ್ಟೋದ್ರೆ?"

"ಅದ್ ಸುಟ್ಟೋದ್ರೆ ನೀರೇ ಬರಕಿಲ್ವಲ್ಲ!"

ಭಾವ ಯೋಚಿಸಿದರು. ತಲೆ ಕೆರೆದುಕೊಂಡರು. "ಅದೂ ಸರಿಯೇ," ಅಂದರು. ಬದುಕಿನಲ್ಲಿ ಅವರು ಒಪ್ಪಿಕೊಂಡ ಒಂದೇ ಉತ್ತರ ಅದು ಅಂತ ನನ್ನ ಲೆಕ್ಕ!

ಇಷ್ಟಾದರೂ ಮೂಲ ಪ್ರಶ್ನೆ ಹಾಗೇ ಉಳಿದಿತ್ತು. ಪ್ರೋಟೀನು ತಾಮ್ರವನ್ನು ಹಿಡಿದುಕೊಳ್ಳುತ್ತದೆ ಅಂತಾರಲ್ಲ, ಹೆಂಗೆ ಹಿಡಿದುಕೊಳ್ಳುತ್ತದೆ? ಯಾವ ಕೈಯಲ್ಲಿ? ಜಿಂಕಿಗೂ ಅದಕ್ಕೂ ಏನು ಜಗಳ? ಹುಡುಗಿ ಮನೆಯಲ್ಲಿ ಕೂತು ಬೇಸರಕ್ಕೆ ಮೊಬೈಲಿನಲ್ಲಿ ಇದನ್ನೇ ಓದುತ್ತಿದ್ದಳು. ಭಾವ ಅವಳ ಹಿಂದೆ ಬಿದ್ದರು. ಉಣ್ಣುವಾಗ ಕೇಳಿದರು, ಹಾಲು ಕರೆಯುತ್ತಾ ಕೇಳಿದರು.

ಒಂದು ಸಲ ನನ್ನ ಮನೆಗೆ ಬಂದಿದ್ದ ಅವರಿಬ್ಬರ ಜೊತೆ ನಾನೂ ಊರಿಗೆ ಹೊರಟೆ. ಹುಣಸೂರು ಬಸ್‌ಸ್ಟ್ಯಾಂಡಿನಲ್ಲಿ ಕೆ.ಆರ್. ನಗರದ ಬಸ್ಸು ಇನ್ನೂ ನಿಂತೇ ಇರಲಿಲ್ಲ, ಆಗಲೇ ಕಿಟಕಿಗಳಿಂದ ಟವೆಲ್ಲು, ಕರ್ಚೀಫು, ಒಂದು ಹೂಕೋಸು ಎಲ್ಲ ಒಳಗೆ ಬಿದ್ದವು. ಟವೆಲ್ಲು ಬಿದ್ದ ಸೀಟು ಟವೆಲ್ಲಿನವನದು. ಇದು ನಮ್ಮ ಕಡೆಯ ಕಾನೂನು. ಭಾವನದೂ ಒಂದು ಟವೆಲ್ಲು ಬಿತ್ತು. ನಾವು ಒಳಗೆ ತೂರಿಕೊಂಡು, ಮಗಳನ್ನು ಕೂರಿಸಿ, ಅವಳ ಮುಂದೆ ನಿಂತೆವು.

ಹುಡುಗಿಗೆ ಅದೇನು ಹೊಳೆಯಿತೋ. "ಅಪ್ಪ, ಇದೇ ಕಣಪ್ಪ! ತಾಮ್ರ ಹೊರೋ ಪ್ರೋಟೀನು ಒಂದು ಬಸ್ಸು ಅನ್ಕೋ. ಒಳಗೆ ಒಂದೇ ಸೀಟು. ಆ ಸೀಟಿಗೆ ಎರಡು ಕೈ. ಎರಡು ಕೈಯಲ್ಲೂ ಗಂಧಕ. ತಾಮ್ರ ಬಂದು ಮಧ್ಯೆ ಕೂತ್ರೆ ಗಟ್ಟಿಯಾಗಿ ಹಿಡ್ಕೊಳ್ಳುತ್ತೆ."

"ಗಂಧಕ ಅಂದ್ರೆ ನಾವ್ ಬೆಳೆಗೆ ಹೊಡೀತೀವಲ್ಲ ಅದಾ?"

"ಅದೇ ಜಾತಿ."

"ಸರಿ, ಮುಂದುಕ್ಕೇಳು."

"ಸೀಟು ತಾಮ್ರಕ್ಕೆ ಅಂತಲೇ ಇರೋದು. ಆದ್ರೆ ಬೇರೆ ಲೋಹ ಬಂದ್ರೂ ಕೆಲವು ಸಲ ಅಲ್ಲೇ ಕೂತ್ಬಿಡುತ್ತೆ. ಬೆಳ್ಳಿ ಬಂತು ಅನ್ಕೋ, ಪ್ರೋಟೀನು ತಾಮ್ರಾನೇ ಬಂತೇನೋ ಅಂತ ತಬ್ಕೊಂಬಿಡುತ್ತೆ. ಬೆಳ್ಳಿಗೂ ಗಂಧಕ ಅಂದ್ರೆ ಪ್ರಾಣ. ಅವ್ವನ ಕಾಲ್ಚೈನು ಕಪ್ಪಾಗುತ್ತಲ್ಲ, ಅದೂ ಗಂಧಕದಿಂದ್ಲೇ. ಜಿಂಕಿಗೆ ಮಾತ್ರ ಎರಡು ಕೈ ಸಾಲಲ್ಲ, ನಾಲ್ಕು ಬೇಕು. ಅದಕ್ಕೇ ಎರಡು ಬಸ್ಸು ಪಕ್ಕಪಕ್ಕ ನಿಂತು ಒಂದೇ ಜಿಂಕನ್ನ ಹಿಡ್ಕೊಳ್ಳೋದೂ ಉಂಟಂತೆ."

"ಎರಡು ಬಸ್ಸಿಗೂ ಟಿಕೆಟ್ ತಗೋಬೇಕಾ?" ಅಂದರು ಭಾವ.

ಅಷ್ಟರಲ್ಲಿ ದಪ್ಪನೆಯ ಹೆಂಗಸೊಬ್ಬರು ಪಕ್ಕದ ಸೀಟಿನಲ್ಲಿ ಯಾರದೋ ಟವೆಲ್ಲಿನ ಮೇಲೇ ಧೊಪ್ಪನೆ ಕೂತರು. ಟವೆಲ್ಲಿನವನು ಓಡಿ ಬಂದು, "ಇದು ನನ್ ಸೀಟು ಕಣಮ್ಮ" ಅಂದ. ಆ ಯಮ್ಮ, "ಟವೆಲ್ಲು ಕೂತದೆ ಅಂತ ನಾನ್ ನಿಂತ್ಕಬೇಕಾ? ಟವೆಲ್‌ಗೇನ್ ಕಾಲ್ ನೋವಾ?" ಅಂದರು.

ಭಾವನಿಗೆ ಆನಂದವೋ ಆನಂದ! "ಮಗ, ನೋಡ್ದಾ! ಇವನು ತಾಮ್ರ. ಈ ಯಮ್ಮ ಜಿಂಕು!"

"ಯಾರೋ ಜಿಂಕು? ನಿಮ್ಮಪ್ಪ ಜಿಂಕು!" ಅಂತ ಆ ಹೆಂಗಸು ಎದ್ದೇಬಿಟ್ಟರು. ಎದ್ದ ಕ್ಷಣದಲ್ಲಿ ಟವೆಲ್ಲಿನವನು ಕೂತುಬಿಟ್ಟ. ಈಗ ಇಬ್ಬರೂ ಸೇರಿ ಭಾವನ ಮೇಲೆ ಬಿದ್ದರು. ನಾನು ಕಿಟಕಿಯಾಚೆ ಲಕ್ಷ್ಮಣತೀರ್ಥ ಹೊಳೆಯನ್ನು ಜ್ಞಾನಿಯ ಹಾಗೆ ನೋಡುತ್ತಾ ನಿಂತೆ. ಇವರು ಯಾರೋ, ನಾನು ಯಾರೋ!

ಗಲಾಟೆ ತಣ್ಣಗಾದ ಮೇಲೆ ಹುಡುಗಿ ಸಣ್ಣ ದನಿಯಲ್ಲಿ ಹೇಳಿದಳು. "ಹಂಗಲ್ಲಪ್ಪ. ನನ್ನ ಮಾತ್ರೆ ಜಿಂಕು ಸೀಟಿಗೆ ಜಗಳ ಆಡಲ್ಲ. ಅದು ಕರುಳಿಗೆ ಹೋಗಿ ಬೇರೇದೇ ಒಂದು ಪ್ರೋಟೀನನ್ನ ಜಾಸ್ತಿ ಹುಟ್ಟಿಸುತ್ತೆ. ಊಟದಲ್ಲಿ ಬಂದ ತಾಮ್ರ ಅದರ ಕೈಗೆ ಸಿಕ್ಕಾಕೊಳ್ಳುತ್ತೆ. ರಕ್ತಕ್ಕೆ ಹೋಗೋಕೆ ಬಿಡಲ್ಲ."

"ಅಂದ್ರೆ, ಜಿಂಕು ಕರೆಸಿದ ಬಸ್ಸಿಗೆ ತಾಮ್ರ ಹತ್ಕತದೆ."

"ಹೂಂ."

"ಆ ಬಸ್ಸು ಎಲ್ಲಿಗೋಯ್ತದೆ?"

"ಬೆಳಿಗ್ಗೆ ಎದ್ದು ಎಲ್ಲರೂ ಹೋಗೋ ಕಡೆ."

ಟಿಕೆಟ್ ಕೊಡುತ್ತಾ ಬಂದ ಕಂಡಕ್ಟರು ಇದನ್ನು ಕೇಳಿಸಿಕೊಂಡ. "ಯಜಮಾನ್ರೇ, ಈ ಬಸ್ಸು ಕೆ.ಆರ್. ನಗರಕ್ಕೆ ಹೋಯ್ತದೆ. ಬೇರೆ ಕಡೆ ಹೋಗೋರು ಈಗ್ಲೇ ಇಳ್ಕಳಿ!"

ಬಸ್ಸಿಗೆ ಬಸ್ಸೇ ನಕ್ಕಿತು. ಹುಡುಗಿಯೂ ನಕ್ಕಳು. ನಗುತ್ತಾ ಬಾಯಿ ಮುಚ್ಚಿಕೊಳ್ಳಲು ಕೈ ಎತ್ತಿದಳು. ಎತ್ತಿದ ಕೈ ಅದುರಿತು. ಪಕ್ಕದವರು ನೋಡಿದರು ಅಂತ ತಕ್ಷಣ ಎರಡು ಕೈಯನ್ನೂ ವೇಲಿನೊಳಗೆ ಮುಚ್ಚಿಟ್ಟುಕೊಂಡಳು. ಕೆ.ಆರ್. ನಗರ ಬರುವವರೆಗೂ ತೆಗೆಯಲಿಲ್ಲ.

ತಿಂಗಳುಗಳು ಹೋದವು. ಮಾತ್ರೆ ನುಂಗಬೇಕಾದದ್ದು ಖಾಲಿ ಹೊಟ್ಟೆಯಲ್ಲಿ. ನುಂಗಿ ಒಂದು ಗಂಟೆ ಏನೂ ತಿನ್ನುವಂತಿಲ್ಲ. ಅವಳು ತಿನ್ನುವಂತಿಲ್ಲ ಅಂದಮೇಲೆ ಮನೆಯಲ್ಲಿ ಯಾರೂ ತಿನ್ನುವಂತಿಲ್ಲ ಅಂತ ಭಾವ ಕಾನೂನು ಮಾಡಿದರು. ಅಕ್ಕ ಒಲೆ ಹಚ್ಚಿದರೆ, "ಘಮಾಡ್ಸಬ್ಯಾಡ ಕಣೇ, ಒಗ್ಗರಣೆ ಈಗ್ಲೇ ಹಾಕ್ಬೇಕಾ?" ಅಂತ ಬೈಯುವುದು. ಪಿರಿಯಾಪಟ್ಟಣದಲ್ಲಿ ನೆಂಟರ ಮದುವೆ. ಡಾಕ್ಟರು ಗೋಡಂಬಿ, ಅಣಬೆ, ಚಾಕಲೇಟು ಬೇಡ ಅಂದಿದ್ದರು, ಅವುಗಳಲ್ಲಿ ತಾಮ್ರ ಜಾಸ್ತಿಯಂತೆ. ಭಾವ ಮಗಳ ಎಲೆಯ ಹಿಂದೆಯೇ ನಿಂತು ಪಾಯಸದಿಂದ ಗೋಡಂಬಿ ಹೆಕ್ಕಿದರು. ಅವಳ ಎಲೆ ಮುಗಿಯಿತು. ಅಲ್ಲಿಗೆ ಬಿಡಬೇಕು ತಾನೇ? ಪಕ್ಕದಲ್ಲಿ ಕೂತಿದ್ದ ಗಂಡಿನ ಚಿಕ್ಕಪ್ಪನ ಎಲೆಗೂ ಕೈ ಹಾಕಿದರು!

"ಏನ್ರೀ ಇದು?"

"ಇರ್ಲಿ ಬುಡಿ, ನಿಮಗೂ ಒಳ್ಳೇದಲ್ಲ."

ಆವತ್ತು ಅಲ್ಲಿಂದ ನಾವು ಹೇಗೆ ಎದ್ದು ಬಂದೆವು ಅನ್ನುವುದನ್ನು ನಾನು ಬರೆಯುವುದಿಲ್ಲ. ಆ ಬೀಗರು ಇದನ್ನು ಓದುತ್ತಾರೆ.

ಆದರೆ ಭಾವನ ಮನೆಗೆ ಬಂದ ಮೇಲೆ ನಡೆದದ್ದನ್ನು ಹೇಳಲೇಬೇಕು. ಹುಡುಗಿ ಕೈ ತೊಳೆದು ಬಂದು ಕೂತಿದ್ದಳು. ಭಾವ ಎದುರಿಗೆ ಕುಕ್ಕರಗಾಲಲ್ಲಿ ಕೂತು, ಅವಳ ಕೈಯನ್ನೇ ನೋಡುತ್ತಾ, "ಮಗ, ಈಗ ಬಸ್ಸು ಕಮ್ಮಿ ಆಗವೋ, ತಾಮ್ರ ಜಾಸ್ತಿ ಆಗದೋ? ನಡುಕ ನಿನ್ನೆಗಿಂತ..." ಅಂದರು.

"ಅಪ್ಪ! ನಾನು ಬಸ್ಸೂ ಅಲ್ಲ, ಸೀಟೂ ಅಲ್ಲ! ಸಾಕು ಮಾಡು!"

ಅವಳು ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು. ಅಕ್ಕ ಬಾಗಿಲ ಹೊರಗೆ ನಿಂತಳು. ಭಾವ ಎದ್ದು ಹಿತ್ತಲಿಗೆ ಹೋದರು. ನಾಲ್ಕು ಉಗಿದೇ ಬರೋಣ ಅಂತ ನಾನೂ ಹಿಂದೆ ಹೋದೆ. ಅವರು ಹಸುವಿನ ಗೊಂತಿನ ಹತ್ತಿರ ನಿಂತಿದ್ದರು.

"ಅಲ್ಲ ಭಾವ, ನಿಮಗೆ ಬುದ್ಧಿ..."

"ಅಮ್ಮಣ್ಣಿ," ಅಂದರು. ನನ್ನ ಕಡೆ ತಿರುಗಲಿಲ್ಲ. "ಡಾಕ್ಟ್ರು ಏಳುದ್ರಲ್ಲ, ಇಬ್ಬರ ಕಡೆಯಿಂದ್ಲೂ ಒಂದೊಂದು ಬಂದದೆ ಅಂತ. ನಂದು ಯಾವ್ದು ಅಂತ ಗೊತ್ತಾದ್ರೆ ಈಗ್ಲೇ ವಾಪಸ್ ಈಸ್ಕಂಬುಡ್ತಿದ್ದೆ ಕಣಮ್ಮ. ಅದ್ಕೇ ಕೇಳದು. ಯಾರೂ ಅರ್ಥ ಆಗಂಗೆ ಏಳಕಿಲ್ಲ."

ಬೈಯಲು ಹೋದ ನಾನು ಸುಮ್ಮನೆ ಹಸುವಿಗೆ ಒಂದು ಹಿಡಿ ಹುಲ್ಲು ಹಾಕಿ ಬಂದೆ. ಇನ್ನೇನು ಮಾಡಲಿ? ನನಗೂ ಅರ್ಥವಾಗಿರಲಿಲ್ಲವಲ್ಲ.

ಅದಾದ ಮೇಲೆ ಭಾವ ಮಗಳ ಎದುರಿಗೆ ತಾಮ್ರದ ಮಾತು ಎತ್ತಲಿಲ್ಲ. ಕೈಯ ಕಡೆ ನೋಡಲೂ ಇಲ್ಲ. ನೋಡದೇ ಇರಲು ಅವರು ಪಡುತ್ತಿದ್ದ ಪಾಡು ನೋಡುವುದೇ ನಮಗೆ ಕಷ್ಟ! ಅವಳು ಕಾಫಿ ತಂದುಕೊಟ್ಟರೆ ಇವರು ಸೂರಿನ ಹೆಂಚು ಎಣಿಸುವರು.

ಭತ್ತದ ಕೊಯ್ಲು ಮುಗಿಯುವ ಹೊತ್ತಿಗೆ ನಾನು ಮತ್ತೆ ಹೋದೆ. ಕಾಲೇಜು ಶುರುವಾಗುವುದಿತ್ತು. ಡಾಕ್ಟರು ಪರವಾಗಿಲ್ಲ, ಹೋಗಬಹುದು ಅಂದಿದ್ದರು. ಲೋಟ ತುಳುಕುವುದು ನಿಂತಿತ್ತು. ಆದರೆ ಹುಡುಗಿ ಬ್ಯಾಗು ಕಟ್ಟಿರಲಿಲ್ಲ.

"ಲೋಟ ಬೇರೆ, ಸೂಜಿ ಬೇರೆ ಚಿಕ್ಕಿ," ಅಂದಳು ನನಗೆ. "ಯಾರ ಕೈಗೋ ಚುಚ್ಚೋಕೆ ಹೋಗಿ ನಡುಗಿಬಿಟ್ರೆ? ನನ್ನ ಕೈ ಮೇಲೆ ನನಗೇ ನಂಬಿಕೆ ಇಲ್ಲ. ನಾನು ಹೋಗಲ್ಲ."

ಆಗ ಭಾವ ಗದ್ದೆಯಿಂದ ಕುಂಟಿಕೊಂಡು ಬಂದರು. ಹಿಂದಿನ ದಿನವೇ ಅಂಗಾಲಿಗೆ ಜಾಲಿಮುಳ್ಳು ಚುಚ್ಚಿ ಒಳಗೇ ಮುರಿದುಕೊಂಡಿತ್ತಂತೆ. ಅಕ್ಕ ತೆಗೆಯುತ್ತೇನೆ ಅಂದರೆ ಬಿಟ್ಟಿರಲಿಲ್ಲ. ನಾನು, "ಬನ್ನಿ ಭಾವ, ನಾನ್ ತೆಗೀತೀನಿ" ಅಂದೆ.

"ನೀನು ಹೊಲಿಗೆ ಹಾಕೋಳಂಗೆ ಚುಚ್ತೀಯ, ಬ್ಯಾಡ."

ಜಗಲಿಯ ಮೇಲೆ ಕೂತು, ಕಾಲನ್ನು ಸೀದಾ ಮಗಳ ಮಡಿಲ ಕಡೆ ಚಾಚಿದರು. "ನೀನ್ ತಗಿ."

"ಅಪ್ಪ, ನಾನಾ? ಕೈ ನಡುಗಿ ಚುಚ್ಚಿಬಿಟ್ರೆ?"

"ಚುಚ್ಚು. ನನ್ ಕಾಲು. ನಾನ್ ಯಾರ್ಗೂ ಏಳಕಿಲ್ಲ."

ಅವಳು ಎದ್ದು ಹೋಗಿ ಕಾಲು ತೊಳೆಯಲು ನೀರು ತಂದಳು. ಅಕ್ಕ ತನ್ನ ತಾಳಿಸರದಲ್ಲಿದ್ದ ಪಿನ್ನು ಬಿಚ್ಚಿ ಕೊಟ್ಟಳು. ಹುಡುಗಿ ಅದನ್ನು ಸ್ಪಿರಿಟ್ಟಿನ ಹತ್ತಿಯಲ್ಲಿ ಒರೆಸಿದಳು, ಅಪ್ಪನ ಪಾದವನ್ನೂ ಒರೆಸಿದಳು. ಪಾದವನ್ನು ತೊಡೆಯ ಮೇಲೆ ಇಟ್ಟುಕೊಂಡು ಬಗ್ಗಿದಳು. ಪಿನ್ನಿನ ತುದಿ ಚರ್ಮದ ಹತ್ತಿರ ಬಂದು ಒಂದು ಕ್ಷಣ ನಿಂತಿತು. ನಿಂತೇ ಇತ್ತು. ಅದುರಲಿಲ್ಲ.

ಮೆಲ್ಲಗೆ ಚರ್ಮ ಬಿಡಿಸಿದಳು. ಇನ್ನೊಂದು ಸ್ವಲ್ಪ. ಉಗುರಿನಲ್ಲಿ ಒತ್ತಿದಳು. ಕಪ್ಪಗೆ, ಸಾಸಿವೆಗಿಂತ ಚಿಕ್ಕದೊಂದು ಮೊನೆ ಪಿನ್ನಿನ ತುದಿಗೆ ಬಂತು.

"ಬಂತು," ಅಂದಳು. ತನಗೇ ಹೇಳಿಕೊಂಡ ಹಾಗೆ.

ಭಾವ ಅಷ್ಟು ಹೊತ್ತೂ ಕಾಲಿನ ಕಡೆ ನೋಡಿಯೇ ಇರಲಿಲ್ಲ. ಅವರು ನೋಡುತ್ತಿದ್ದದ್ದು ಅವಳ ಬೆರಳುಗಳನ್ನು. ಮುಳ್ಳು ಬಂದ ಮೇಲೂ ಕಾಲು ಎಳೆದುಕೊಳ್ಳಲಿಲ್ಲ.

"ಇನ್ನೊಂದ್ ಅದೆ, ನೋಡವ್ವ," ಅಂದರು.

ಇನ್ನೊಂದು ಇರಲಿಲ್ಲ. ನಾನೂ ಬಗ್ಗಿ ನೋಡುತ್ತಿದ್ದೆನಲ್ಲ. ಅವಳಿಗೂ ಗೊತ್ತಿತ್ತು. ಆದರೂ ಪಿನ್ನನ್ನು ಮತ್ತೊಮ್ಮೆ ಹತ್ತಿಯಲ್ಲಿ ಒರೆಸಿಕೊಂಡು, ಅಪ್ಪನ ಪಾದದ ಮೇಲೆ ಬಗ್ಗಿದಳು.